ಇವತ್ತು ಯಾರ ಹಬ್ಬ?

ಇಂದುಮತಿ ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿದ್ದ ಮಗಳ ಮನೆಗೆ ಬಂದಿಳಿದ ವಾರದಲ್ಲೇ ಒಂದು ಶುಕ್ರವಾರ, ಅಳಿಯ ಸ್ಕಂದ ಆಫೀಸಿಗೆ ಹೊರಡದೆ ಪೈಜಾಮದಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ಆಕೆಗೆ ಗಾಬರಿಯಾಯಿತು.

"ಯಾಕೆ ಸ್ಕಂದ, ಮೈಗೆ ಸರಿಯಿಲ್ವಾ?"

"ಚೆನ್ನಾಗಿದೀನಿ ಅತ್ತೆ. ಇವತ್ತು ರಜೆ, ಗುಡ್ ಫ್ರೈಡೇ."

"ಓ, ಹೌದಲ್ಲ. ಯಾರ ಹಬ್ಬ?"

"ಕ್ರಿಶ್ಚಿಯನ್ಸ್‌ದು."

"ಅದು ಗೊತ್ತು. ಈ ಕಟ್ಟಡದಲ್ಲಿ ಯಾರದು ಅಂತ ಕೇಳಿದೆ."

ಸ್ಕಂದ ಯೋಚನೆ ಮಾಡಿದ. "ಎಲ್ಲರದೂ ಅನ್ನಬಹುದು. ಅಥವಾ ಯಾರದೂ ಅಲ್ಲ ಅನ್ನಬಹುದು. ರಜೆ ಅಷ್ಟೇ."

ಯಾರದೂ ಅಲ್ಲದ ಹಬ್ಬ! ಇಂದುಮತಿಗೆ ಆ ಮಾತು ಅವಲಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗಾಯಿತು. ಆದರೂ ಅವತ್ತು ಆಕೆ ಒಗ್ಗರಣೆ ಹಾಕಲಿಲ್ಲ, ಕುಕ್ಕರ್ ಕೂಗಿಸಲಿಲ್ಲ, ಗಂಜಿ ಮಾಡಿ ಎಲ್ಲರಿಗೂ ಬಡಿಸಿದಳು. ಗುಡ್ ಫ್ರೈಡೇ ದಿನ ಹಾಗೇ ಇರಬೇಕು ಅಂತ ಅಂಡಮಾನಿನಲ್ಲಿ ಪಕ್ಕದ ಮನೆಯ ಎಸ್ತರ್ ಕಲಿಸಿದ್ದಳು. ಮಧ್ಯಾಹ್ನ ಕೆಳಗಿನ ಮನೆಯಿಂದ ಮೀನು ಹುರಿದ ಘಾಟೂ, ರೇಡಿಯೋದ ಹಾಡೂ ಒಟ್ಟಿಗೇ ಮೇಲಕ್ಕೆ ಬಂದಾಗ, ಆಕೆ ಗಂಡ ಬದರಿನಾಥರ ಕಡೆ ತಿರುಗಿ, "ನೋಡ್ರೀ, ಅವರ ಹಬ್ಬಕ್ಕೆ ಉಪವಾಸ ನಾವು, ಊಟ ಅವರು" ಅಂದಳು.

ಇಂದುಮತಿಯ ತವರು ತಿಪಟೂರು. ಓದಿದ್ದು ಐದನೇ ಕ್ಲಾಸು. ಮದುವೆಯಾದ ವರ್ಷವೇ ಬದರಿನಾಥರಿಗೆ ಪೋರ್ಟ್‌ಬ್ಲೇರಿನಲ್ಲಿ ಸರ್ಕಾರಿ ಗುಮಾಸ್ತಿಕೆ ಸಿಕ್ಕಿತು. ಕೆರೆ ಬಿಟ್ಟು ದೊಡ್ಡ ನೀರು ನೋಡದ ಹುಡುಗಿ ಮದರಾಸಿನಲ್ಲಿ ಹಡಗು ಹತ್ತಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು, ಹಡ್ಡೋ ಬಂದರಿನಲ್ಲಿ ಇಳಿಯುವಾಗ "ಇನ್ನು ನನ್ನ ಹೆಣವೇ ವಾಪಸು ಹೋಗೋದು" ಅಂತ ಅತ್ತಿದ್ದಳು. ಕ್ವಾರ್ಟರ್ಸಿನ ಬಾಗಿಲು ತೆಗೆದು ಟ್ರಂಕು ಒಳಗಿಡುವಷ್ಟರಲ್ಲಿ ಎದುರು ಮನೆಯ ತಮಿಳು ಹೆಂಗಸು ಸೆಲ್ವಿ ಒಂದು ಪಾತ್ರೆ ಹಿಡಿದುಕೊಂಡು ಬಂದು ನಿಂತಳು. ಅವತ್ತು ಪೊಂಗಲ್. ಅಳು ಅಲ್ಲಿಗೇ ನಿಂತಿತು.

ಆಮೇಲೆ ತಿಳಿಯಿತು, ಆ ದ್ವೀಪದಲ್ಲಿ ಅಳೋದಕ್ಕೆ ಬಿಡುವೇ ಇಲ್ಲ ಅಂತ. ಪೊಂಗಲ್ ಮುಗಿಯುತ್ತಿದ್ದ ಹಾಗೆ ಜನವರಿ ಇಪ್ಪತ್ತಾರರ ಪೆರೇಡು. ಆಮೇಲೆ ಶಿವರಾತ್ರಿ. ಮುರುಗನ ಹಬ್ಬ ಪಂಗುನಿ ಉತ್ತಿರಕ್ಕೆ ಸೆಲ್ವಿಯ ಗಂಡ ಕೆನ್ನೆಗೆ ಬೆಳ್ಳಿ ಸೂಜಿ ಚುಚ್ಚಿಕೊಂಡು ಕಾವಡಿ ಹೊರುತ್ತಿದ್ದ, ಮಾರನೇ ದಿನ ಅದೇ ಕೆನ್ನೆ ಇಟ್ಟುಕೊಂಡು ಆಫೀಸಿನಲ್ಲಿ ಕಡ್ಲೆಪುರಿ ಮೇಯುತ್ತಿದ್ದ. ಈದ್‌ಗೆ ಮಾಪಿಳ್ಳೆ ಆಯಿಷುಮ್ಮ ಇವಳಿಗೋಸ್ಕರ ಬೇರೆ ಪಾತ್ರೆಯಲ್ಲಿ ಶಾವಿಗೆ ಮಾಡಿ, "ಈ ಪಾತ್ರೆ ಮಾಂಸ ಕಂಡಿಲ್ಲ, ಅಲ್ಲಾನ ಆಣೆ" ಅಂತ ಹೇಳಿಯೇ ಕೊಡುತ್ತಿದ್ದಳು. ಓಣಂ ಬಂತು ಅಂದರೆ ಕ್ವಾರ್ಟರ್ಸ್ ಲೈನಿನ ಮಕ್ಕಳೆಲ್ಲ ಹೂವು ಕದಿಯೋದಕ್ಕೆ ಹೊರಡುತ್ತಿದ್ದರು. ದುರ್ಗಾ ಪೂಜೆಗೆ ಹಾಲ್ದಾರ್ ಬಾಬು ಇಡೀ ಲೈನಿನವರನ್ನು ಲಾರಿ ಹತ್ತಿಸಿಕೊಂಡು ದೇವಿಯನ್ನು ಸಮುದ್ರಕ್ಕೆ ಬಿಡಲು ಹೋಗುತ್ತಿದ್ದರು. ಲಾರಿಯ ಮೇಲೆ ಎಲ್ಲರಿಗಿಂತ ಜೋರಾಗಿ ಶಂಖ ಊದುತ್ತಿದ್ದವಳು ನಿಕೋಬಾರಿ ನರ್ಸ್ ಎಸ್ತರ್. ಯಾಕೆಂದರೆ ಉಸಿರು ಅವಳಿಗೇ ಹೆಚ್ಚು, ಚರ್ಚಿನಲ್ಲಿ ಹಾಡುವವಳು. ಆ ಎಸ್ತರ್ ಒಮ್ಮೆ ತನ್ನ ದ್ವೀಪದ ಹಂದಿ ಹಬ್ಬಕ್ಕೆ ಪ್ರೀತಿಯಿಂದ ಕರೆದಳು. ಇಂದುಮತಿ ಒಂದು ರಾತ್ರಿಯೆಲ್ಲ ಹೊರಳಾಡಿ, ಕೊನೆಗೆ ನಾಲ್ಕು ತೆಂಗಿನಕಾಯಿ ಕಳಿಸಿ, "ಹಂದಿಗೆ ನನ್ನ ನಮಸ್ಕಾರ ಹೇಳು" ಅಂದಳು.

ಯುಗಾದಿ ಮಾತ್ರ ಅಲ್ಲಿ ಕೇಳಿ ತೆಗೆದುಕೊಳ್ಳಬೇಕಾದ ರಜೆ. ಲೈನಿನಲ್ಲಿ ಕನ್ನಡದವರು ಇವರೊಬ್ಬರೇ. ಹಾಗಾಗಿ ಆ ಹಬ್ಬಕ್ಕೆ ಯಜಮಾನಿ ಇಂದುಮತಿಯೇ. ಬೆಳಿಗ್ಗೆ ಬೇವುಬೆಲ್ಲದ ತಟ್ಟೆ ಹಿಡಿದು ಆಕೆ ಹೊರಟಳು ಅಂದರೆ ಮಕ್ಕಳು ಮಂಚದ ಕೆಳಗೆ ಸೇರುತ್ತಿದ್ದವು. ಆಯಿಷುಮ್ಮ ಮಾತ್ರ ಕಣ್ಣು ಮುಚ್ಚಿಕೊಂಡು ನುಂಗಿ, "ನಿಮ್ಮ ದೇವರು ಡಾಕ್ಟರಾ?" ಅಂತ ಕೇಳುತ್ತಿದ್ದಳು.

ಹೀಗೆ ಆಕೆಯ ತಲೆಯಲ್ಲಿ ಒಂದು ಲೆಕ್ಕ ಗಟ್ಟಿಯಾಗಿ ಕೂತುಬಿಟ್ಟಿತ್ತು. ಹಬ್ಬ ಅಂದಮೇಲೆ ಅದಕ್ಕೊಬ್ಬರು ಯಜಮಾನರು ಇರಬೇಕು. ಉಳಿದವರು ಅವರ ಬಾಗಿಲಿಗೆ ಹೋಗಬೇಕು. ಹೋಗದಿದ್ದರೆ ಅವಮಾನ. ಇನ್ನೊಂದು ಅಭ್ಯಾಸವೂ ಅಂಟಿತ್ತು. ಬಂಗಾಳಿ, ತಮಿಳು, ತೆಲುಗು, ನಿಕೋಬಾರಿ ಎಲ್ಲರೂ ಅಲ್ಲಿ ಮಾತಾಡೋದು ಹಿಂದಿಯಲ್ಲಿ. ಆದ್ದರಿಂದ ಎದುರಿಗಿರುವವರು ಕನ್ನಡದವರಲ್ಲ ಅಂದರೆ ಆಕೆಯ ಬಾಯಿಂದ ತಾನಾಗಿ ಹಿಂದಿ ಬರುತ್ತಿತ್ತು. ಸ್ಟಾಕ್‌ಹೋಮಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡಿದ ಹಳದಿ ಕೂದಲಿನ ಹುಡುಗನಿಗೂ ಆಕೆ "ಬೇಟಾ, ಊಟ ಆಯ್ತಾ" ಅಂತ ಹಿಂದಿಯಲ್ಲೇ ಕೇಳಿದ್ದಳು. ಅವನು ಠಸ್ಸೆ ಒತ್ತಿ ಕಳಿಸಿದ್ದ.

ಸುನಾಮಿಯಲ್ಲಿ ಕ್ವಾರ್ಟರ್ಸಿನ ಗೋಡೆ ಬಿರಿಯಿತು. ಎಸ್ತರ್ ತನ್ನವರನ್ನು ಹುಡುಕಿಕೊಂಡು ಕಾರ್ ನಿಕೋಬಾರಿನ ಹಡಗು ಹತ್ತಿದವಳು ಒಂದು ತಿಂಗಳು ಸುದ್ದಿಯಿಲ್ಲ, ಆಮೇಲೆ ಅಣ್ಣನ ಮಕ್ಕಳಿಬ್ಬರನ್ನು ಕರೆದುಕೊಂಡು ಬಂದಳು. ಮಿಕ್ಕಿದ್ದನ್ನು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ಅದೇ ಜನವರಿಗೆ ಬದರಿನಾಥರಿಗೆ ನಿವೃತ್ತಿಯೂ ಆಗಿ ಕ್ವಾರ್ಟರ್ಸು ಬಿಡಬೇಕಾಯಿತು. ಮಗಳು ಲಾವಣ್ಯಾ, "ಮೂರು ತಿಂಗಳಾದರೂ ಬಂದು ಇಲ್ಲಿರಿ" ಅಂತ ಹಟ ಹಿಡಿದು ವೀಸಾ ಮಾಡಿಸಿದಳು.

ಆ ಲಾವಣ್ಯಾಳ ಮನೆಯದೇ ಒಂದು ಕಥೆ. ಮದುವೆಯಾದಾಗಿನಿಂದ ಅದು ಅವರ ನಾಲ್ಕನೇ ಮನೆ.

"ಸೆಕೆಂಡ್ ಹ್ಯಾಂಡ್ ಕಾಂಟ್ರ್ಯಾಕ್ಟ್ ಅಮ್ಮ" ಅಂದಳು ಲಾವಣ್ಯಾ.

"ಮನೆ ಕೂಡ ಸೆಕೆಂಡ್ ಹ್ಯಾಂಡ್ ಸಿಗುತ್ತೇನೇ, ಸ್ಕೂಟರ್ ಥರ?"

"ಓನರ್ ಹೆಲ್ಸಿಂಗ್‌ಬೋರ್ಯ್‌ ಅನ್ನೋ ಊರಲ್ಲಿ ಕೆಲಸದಲ್ಲಿದ್ದಾರೆ. ನಮಗೆ ಬಾಡಿಗೆ ಕೊಡೋಕೆ ಈ ಬಿಲ್ಡಿಂಗಿನ ಸಂಘ ವರ್ಷ ವರ್ಷ ಪರ್ಮಿಷನ್ ಕೊಡಬೇಕು. ಜೂನ್‌ನಲ್ಲಿ ಮೀಟಿಂಗ್. ಬೇಡ ಅಂದ್ರೆ ನಾವು ಮತ್ತೆ ಗಂಟುಮೂಟೆ ಕಟ್ಟಬೇಕು. ಸಂಘದ ಅಧ್ಯಕ್ಷೆ ಕೆಳಗಿನ ಮನೆ ಗುನ್ವೋರ್. ತುಂಬಾ ಸ್ಟ್ರಿಕ್ಟ್. ಅಮ್ಮ, ದಯವಿಟ್ಟು ಅವರ ತಂಟೆಗೆ ಹೋಗಬೇಡ. ನಗಬೇಡ, ಮಾತಾಡಿಸಬೇಡ, ಏನೂ ಕೊಡಬೇಡ."

ಮನೆಯ ಮೂಲೆಯಲ್ಲಿ ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಗಳಿದ್ದವು. ಮಗಳು ಬಿಚ್ಚಿರಲಿಲ್ಲ. ಮತ್ತೆ ಕಟ್ಟೋದು ಯಾಕೆ ಅಂತ. ಇಂದುಮತಿ ಅವುಗಳ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಈ ಹುಡುಗಿಗೆ ಈ ಮನೆ ಉಳಿಯಬೇಕು ಅಂತ ಆಕೆ ದೇವರಿಗೆ ಹೇಳಿಕೊಂಡಳು. ದೇವರ ಜೊತೆಗೆ ಗುನ್ವೋರಿಗೂ ಒಂದು ಮಾತು ಹಾಕಿಟ್ಟರೆ ಒಳ್ಳೆಯದು ಅಂತಲೂ ಅನ್ನಿಸಿತು. ಅದನ್ನು ಮಗಳಿಗೆ ಹೇಳಲಿಲ್ಲ.

ಮೇ ತಿಂಗಳಲ್ಲಿ ಒಂದು ಗುರುವಾರ ಮತ್ತೆ ರಜೆ ಬಂತು. ಕ್ರಿಸ್ತ ಸ್ವರ್ಗಕ್ಕೆ ಏರಿದ ದಿನವಂತೆ. ಮಗಳು ಅಳಿಯ ಅಂಗಡಿಗೆ ಹೋಗಿದ್ದರು. ಇಂದುಮತಿ ಬೆಳಿಗ್ಗೆಯೇ ಸ್ನಾನ ಮಾಡಿ, ಒಳ್ಳೆ ಸೀರೆ ಉಟ್ಟು, ಯಾರಾದರೂ ಏನಾದರೂ ತರಬಹುದು ಅಂತ ಬಾಗಿಲ ಹತ್ತಿರವೇ ಕುರ್ಚಿ ಹಾಕಿಕೊಂಡು ಕೂತಳು. ಒಂದು ನರಪಿಳ್ಳೆಯೂ ಬರಲಿಲ್ಲ.

"ಪಾಪ, ನಾವು ಹೊಸಬರು ಅಂತ ಸಂಕೋಚ ಇರಬೇಕು ಕಣ್ರೀ. ನಾನೇ ಹೋಗಿ ಬರ್ತೀನಿ."

"ಲಾವಣ್ಯಾ ಬೇಡ ಅಂದಿದ್ದಾಳೆ" ಅಂದರು ಬದರಿನಾಥರು, ಪೇಪರಿನಿಂದ ತಲೆ ಎತ್ತದೆ. ಅದು ಸ್ವೀಡಿಷ್ ಪೇಪರು. ಅವರು ಚಿತ್ರ ನೋಡುತ್ತಿದ್ದರು.

"ಕೊಡಬೇಡ ಅಂದಿದ್ದಾಳೆ. ಕೇಳಬೇಡ ಅಂದಿಲ್ಲ."

ಗುನ್ವೋರ್ ಬಾಗಿಲು ತೆರೆದಳು. ಎಪ್ಪತ್ತು ದಾಟಿದ ಎತ್ತರದ ಹೆಂಗಸು, ನೆಟ್ಟಗೆ ಇಸ್ತ್ರಿ ಮಾಡಿಟ್ಟ ಹಾಗೆ. ಇಂದುಮತಿ ಕೈ ಮುಗಿದು ಹಿಂದಿಯಲ್ಲಿ ಕೇಳಿದಳು, "ಗುಣಾ ದೀದಿ, ಇವತ್ತು ಯಾರ ಹಬ್ಬ?"

ಗುನ್ವೋರ್ ಕಣ್ಣು ಕಿರಿದು ಮಾಡಿ ನೋಡಿದಳು. ಹಬ್ಬದ ಸೀರೆ, ಅರಳಿದ ಮುಖ, ಎಂಥದೋ ಪ್ರಶ್ನೆ. ರಜೆಯ ವಿಷಯ ಇರಬೇಕು ಅಂದುಕೊಂಡು ಗೋಡೆಯ ಕ್ಯಾಲೆಂಡರಿನ ಕೆಂಪು ಅಂಕಿ ತೋರಿಸಿ, "ರೋದ್ ದಾಗ್" ಅಂದಳು. ಕೆಂಪು ದಿನ ಅಂತ ಅದರ ಅರ್ಥ. ರಜೆಗೆ ಅವರು ಹಾಗೇ ಅನ್ನೋದು.

ಇಂದುಮತಿಯ ಕಿವಿಗೆ ಅದು ಹಿಂದಿಯಾಗಿ ಬಿತ್ತು. ರೋಜ್ ದಾಗ್! ದಿನಾಲೂ ಕಲೆ!

ಮೇಲಿನ ಹೊಸ್ತಿಲಿಗೆ ದಿನಾ ಕುಂಕುಮ ಹಚ್ಚಿ, ಮಾರನೇ ದಿನ ನೀರು ಹಾಕಿ ತೊಳೆಯುತ್ತಿದ್ದವಳು ಆಕೆಯೇ. ಆ ನೀರು ಮೆಟ್ಟಿಲಿಳಿದು ದೀದಿಯ ಬಾಗಿಲಿಗೆ ಬಂದಿದ್ದರೆ? ಬಗ್ಗಿ ನೋಡಿದಳು. ಗುನ್ವೋರಿನ ಕಾಲೊರಸಿನ ಪಕ್ಕ ನಿಜಕ್ಕೂ ಒಂದು ಕೆಂಪು ಕಲೆ ಇತ್ತು.

"ಮಾಫ್ ಕರೋ ದೀದಿ, ಮಾಫ್ ಕರೋ!" ಅಂತ ಮೇಲಕ್ಕೆ ಓಡಿದಳು. ಬಕೆಟ್ಟು, ತೆಂಗಿನ ನಾರು, ಪಾತ್ರೆ ತೊಳೆಯೋ ಸೋಪು ತಂದಳು. ಸೀರೆ ಎತ್ತಿಕಟ್ಟಿ ಗುನ್ವೋರಿನ ಹೊಸ್ತಿಲಿಂದ ಶುರು ಮಾಡಿ ಮೆಟ್ಟಿಲೆಲ್ಲ ತಿಕ್ಕತೊಡಗಿದಳು. ಗುನ್ವೋರ್ ಪಾಪ, "ನೇ, ನೇ, ರೋದ್ ದಾಗ್!" ಅಂತ ಕೈಯಾಡಿಸಿದಳು. ರಜೆಯ ದಿನ ಕೆಲಸ ಬೇಡ ಅಂತ ಆಕೆ ಹೇಳಿದ್ದು. ಇಂದುಮತಿ, "ಗೊತ್ತಾಯ್ತು ದೀದಿ, ದಿನಾ ದಿನಾ ದಾಗ್, ಇನ್ಮೇಲೆ ಇರಲ್ಲ" ಅಂತ ಇನ್ನೂ ಜೋರಾಗಿ ತಿಕ್ಕಿದಳು.

ಅಂಗಡಿಯಿಂದ ಬಂದ ಲಾವಣ್ಯಾ ಆ ನೊರೆಯಲ್ಲಿ ಜಾರಿ, ಕೈಚೀಲದ ಟೊಮೇಟೊ ಸಮೇತ ಗುನ್ವೋರಿನ ಕಾಲ ಬಳಿ ಬಂದು ಕೂತಳು.

ಅವತ್ತು ಊಟಕ್ಕೆ ಕೂತಾಗ ಲಾವಣ್ಯಾ, "ಮುಗೀತು. ಪೆಟ್ಟಿಗೆ ಬಿಚ್ಚದೇ ಇದ್ದಿದ್ದು ಒಳ್ಳೇದೇ ಆಯ್ತು" ಅಂದಳು. ಇಂದುಮತಿ ಕಲಸಿದ ಅನ್ನ ಹಾಗೇ ಬಿಟ್ಟು ಎದ್ದಳು.

ಜೂನ್ ಬಂತು. ಆರನೇ ತಾರೀಕು ಸೋಮವಾರ ರಾಷ್ಟ್ರೀಯ ದಿನ ಅಂತ ಸ್ಕಂದ ಹೇಳಿದ. "ಈ ವರ್ಷದಿಂದ ಮೊದಲ ಸಲ ರಜೆ ಕೊಟ್ಟಿದ್ದಾರೆ ಅತ್ತೆ. ಬದಲಿಗೆ ಇನ್ನೊಂದು ಸೋಮವಾರ ಕಿತ್ಕೊಂಡಿದ್ದಾರೆ."

"ಸ್ವಾತಂತ್ರ್ಯ ಬಂದ ದಿನವಾ? ಯಾರ ಕೈಯಿಂದ?"

"ಡೆನ್ಮಾರ್ಕಿನವರ ಕೈಯಿಂದ ಅಂತಾರೆ. ಐನೂರು ವರ್ಷದ ಹತ್ತಿರ ಆಯ್ತು."

"ಐನೂರು ವರ್ಷಕ್ಕೆ ಒಂದು ರಜೆ! ಪಾಪ, ನಮ್ಮ ಸರ್ಕಾರಾನೇ ವಾಸಿ. ಅವತ್ತು ಏನು ಮಾಡ್ತಾರೆ?"

"ಆಫೀಸಲ್ಲಿ ಕೇಳ್ದೆ. ಯಾರಿಗೂ ಗೊತ್ತಿಲ್ಲ. ಒಬ್ಬ ಬೇಲಿಗೆ ಬಣ್ಣ ಹೊಡೀತೀನಿ ಅಂದ."

ಇಂದುಮತಿ ಎದ್ದು ಕೂತಳು. ಹುಟ್ಟಿ ಬುದ್ಧಿ ಬಂದಮೇಲೆ ಒಂದು ಆಗಸ್ಟ್ ಹದಿನೈದು ತಪ್ಪಿಸಿದವಳಲ್ಲ. ಪೋರ್ಟ್‌ಬ್ಲೇರಿನಲ್ಲಿ ಬಾವುಟ ಮೇಲೆ ಹೋಗುತ್ತದೆ, ಸಾಹೇಬರು ಹಗ್ಗ ಎಳೆಯುತ್ತಾರೆ, ಬಾವುಟ ಬಿಚ್ಚಿ ಹೂವು ಉದುರುತ್ತದೆ, ಎಲ್ಲರಿಗೂ ಲಾಡು. ಈ ಜನಕ್ಕೆ ಹಬ್ಬ ಸಿಕ್ಕಿದೆ, ಮಾಡೋದು ಹೇಗೆ ಅಂತ ಹೇಳಿಕೊಡೋರಿಲ್ಲ.

"ಅಮ್ಮ, ಮೀಟಿಂಗ್ ಗುರುವಾರ" ಅಂದಳು ಲಾವಣ್ಯಾ, ಆಕೆಯ ಮುಖ ನೋಡಿಯೇ.

"ನಾನೇನು ಮಾಡ್ತೀನೇ? ಸುಮ್ಮನೆ ಹೋಗಿ ನಿಂತ್ಕೋತೀನಿ."

ಬೂಂದಿ ಜಾಲರಿ ಇರಲಿಲ್ಲ. ತುರಿಯುವ ಮಣೆಯ ಮೇಲೆ ಹಿಟ್ಟು ಬಿಟ್ಟು ಭಾನುವಾರವೆಲ್ಲ ಬೂಂದಿ ಕರಿದು ಲಾಡು ಕಟ್ಟಿದಳು. ಸೋಮವಾರ ಬೆಳಿಗ್ಗೆ ಕೆನೆ ಬಣ್ಣದ ರೇಷ್ಮೆ ಸೀರೆ, ಅದರ ಮೇಲೆ ಅಳಿಯನ ಜಾಕೆಟ್ಟು ತೊಟ್ಟು ಅಂಗಳಕ್ಕೆ ಇಳಿದಳು. ಬೇಲಿಯ ತುಂಬ ನೇರಳೆ ಬಣ್ಣದ ಗೊಂಚಲು ಹೂವು ಘಮ್ಮೆನ್ನುತ್ತಿತ್ತು. ಬರಿಗೈಯಲ್ಲಿ ನಿಲ್ಲೋದು ಹೇಗೆ ಅಂತ ಎರಡು ಗೊಂಚಲು ಮುರಿದು, ಎಸಳು ಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

ಏನು ಮಾಡಬೇಕು ಅಂತ ತಿಳಿಯದ ಜನ ಕಾಫಿ ಲೋಟ ಹಿಡಿದು ಅಲ್ಲಲ್ಲಿ ನಿಂತಿದ್ದರು. ಸಂಘದ ಹಣ ನೋಡಿಕೊಳ್ಳುವ ಮುದುಕ ನಾಯಿಯನ್ನೂ ಕರೆತಂದಿದ್ದ. ಗುನ್ವೋರ್ ಮಡಿಸಿದ ಬಾವುಟವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಎಂಟಕ್ಕೆ ಸರಿಯಾಗಿ ಏರಿಸಬೇಕು ಅಂತ ಅವರ ಶಾಸ್ತ್ರ. ಕಂಬದ ಹಗ್ಗ ಸಿಕ್ಕುಸಿಕ್ಕಾಗಿತ್ತು. ಬಿಡಿಸೋದಕ್ಕೆ ಎರಡೂ ಕೈ ಬೇಕು. ಆಕೆ ಸುತ್ತ ನೋಡಿದಳು. ಅತಿ ಹತ್ತಿರದಲ್ಲಿ ಸೈನಿಕರ ಹಾಗೆ ನಿಂತಿದ್ದವಳು ಇಂದುಮತಿ. ಬಾವುಟ ಅವಳ ಕೈಗೆ ಬಂತು.

ಹಿಡಿದುಕೋ ಅಂತ ಕೊಟ್ಟಿದ್ದು. ಆದರೆ ಬಾವುಟ ಕೈಗೆ ಕೊಡೋದು ಅಂದರೆ ಪೋರ್ಟ್‌ಬ್ಲೇರಿನಲ್ಲಿ ಒಂದೇ ಅರ್ಥ, ಸಿದ್ಧ ಮಾಡು ಅಂತ. ಇಂದುಮತಿಯ ಕಣ್ಣು ತುಂಬಿತು. ಕಲೆಯ ವಿಷಯ ದೀದಿ ಮರೆತಿದ್ದಾಳೆ! ಬೆಂಚಿನ ಮೇಲೆ ಬಾವುಟ ಹರಡಿ, ಸೆರಗಿನ ಹೂವು ಸುರಿದು, ಮಡಿಸಿ ಸುರುಳಿ ಸುತ್ತಿ, ಸೊಂಟದಲ್ಲಿದ್ದ ಹೂ ಕಟ್ಟುವ ದಾರದಿಂದ ಬಿಗಿದಳು.

ಎರಡನೇ ಮಹಡಿಯ ಬಾಲ್ಕನಿಯಿಂದ ಬದರಿನಾಥರು ಕೂಗಿದರು, "ಇಂದೂ! ಗಂಟು ಜಾರುಗಂಟು ಇರಬೇಕು! ಎಳೆದರೆ ಬಿಚ್ಚಬೇಕು!"

"ಹೇಗೆ ಹಾಕೋದ್ರೀ ಅದು? ಮೂವತ್ತು ವರ್ಷ ನಿಮ್ಮ ಪ್ಯೂನ್ ಕಟ್ಟೋವಾಗ ಪಕ್ಕದಲ್ಲೇ ನಿಂತಿದ್ರಲ್ಲ!"

"ನಾನು ಸಾಹೇಬರ ಮುಖ ನೋಡ್ತಿದ್ದೆ ಕಣೇ!"

ಗುನ್ವೋರ್ ತಿರುಗಿ ನೋಡುವಷ್ಟರಲ್ಲಿ ಬಾವುಟ ಹೋಳಿಗೆ ಹೂರಣದ ಉಂಡೆಯ ಹಾಗಾಗಿತ್ತು. ಆಕೆ ಬಾಯಿ ತೆರೆದಳು. ಅಷ್ಟರಲ್ಲಿ ಯಾರದೋ ರೇಡಿಯೋ ಎಂಟು ಹೊಡೆಯಿತು. ಬಿಚ್ಚೋದಕ್ಕೆ ಹೊತ್ತಿಲ್ಲ, ತಡ ಮಾಡೋದು ಆಕೆಯ ಜನ್ಮದಲ್ಲಿಲ್ಲ. ಉಂಡೆಯ ಎರಡು ಮೂಲೆ ಹಗ್ಗಕ್ಕೆ ಸಿಕ್ಕಿಸಿ ಎಳೆದಳು. "ಊಪರ್ ದೀದಿ, ಊಪರ್!" ಅಂತ ಇಂದುಮತಿ ಹುರಿದುಂಬಿಸಿದಳು.

ಉಂಡೆ ಕಂಬದ ತುದಿ ಮುಟ್ಟಿತು. ಅಲ್ಲೇ ನಿಂತಿತು.

ಬಿಚ್ಚಬೇಕಾದ ದಾರದ ಕೊನೆ ಎಲ್ಲಿ? ಉಂಡೆಯ ಜೊತೆಗೆ ಅದೂ ಮೇಲೆ ಹೋಗಿ ಗಾಳಿಗೆ ಆಡುತ್ತಿತ್ತು. ಉದ್ದ ದಾರ ಬಿಡಬೇಕು ಅನ್ನೋದು ಆಕೆಗೆ ಹೊಳೆದಿರಲಿಲ್ಲ. ಐನೂರು ವರ್ಷ ಕಾದು ಸಿಕ್ಕ ರಜೆಯ ಮೊದಲ ಬೆಳಿಗ್ಗೆ, ಆ ದೇಶದ ಬಾವುಟ ಬಾಳೆಮೂತಿಯ ಹಾಗೆ ತೂಗುತ್ತಿತ್ತು. ಜನರ ಕಾಫಿ ಬಾಯಿ ಮುಟ್ಟದೆ ಅರ್ಧದಲ್ಲೇ ನಿಂತಿತು. ಕಿಟಕಿಯಲ್ಲಿ ಲಾವಣ್ಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸ್ಕಂದ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಹಾಕಿಕೊಂಡು "ಸಾರಿ, ಸಾರಿ" ಅನ್ನುತ್ತಾ ಓಡಿ ಬಂದ.

"ಕುಲುಕೇ, ಹಗ್ಗ ಕುಲುಕು!" ಅಂತ ಬಾಲ್ಕನಿ ಕೂಗಿತು.

ಇಂದುಮತಿ ಹಗ್ಗಕ್ಕೆ ಕೈ ಹಾಕಿದಳು. ಗುನ್ವೋರ್ ಬಿಡಲಿಲ್ಲ. ಒಬ್ಬಳು ಕೆಳಕ್ಕೆ ಎಳೆದರೆ ಇನ್ನೊಬ್ಬಳು ಮೇಲಕ್ಕೆ, ಒಬ್ಬಳದು ಸ್ವೀಡಿಷ್, ಇನ್ನೊಬ್ಬಳದು ಹಿಂದಿ, ಇಬ್ಬರ ಮುಖವೂ ಕೆಂಪು, ಕೆಳಗೆ ನಾಯಿಯ ಬೊಗಳು. ಆ ಜಗ್ಗಾಟಕ್ಕೆ ಕೊನೆಗೆ ದಾರ ಪಟ್ಟನೆ ಹರಿಯಿತು. ಬಾವುಟ ಫಡ್ ಅಂತ ಬಿಚ್ಚಿಕೊಂಡಿತು. ಹೂವು ಸುರಿಯಿತು, ಗುನ್ವೋರಿನ ಬಿಳಿಯ ತಲೆಯ ಮೇಲೆ, ಕಾಫಿ ಲೋಟಗಳಲ್ಲಿ, ನಾಯಿಯ ಮೂಗಿನ ಮೇಲೆ.

ಆಗ ಇಂದುಮತಿಗೆ ಒಂದು ಅನುಮಾನ ಬಂತು. ಅವಸರದಲ್ಲಿ ತಲೆಕೆಳಗೆ ಮಡಿಸಿದ್ದರೆ? ಪೋರ್ಟ್‌ಬ್ಲೇರಿನಲ್ಲಿ ಒಮ್ಮೆ ಹಾಗಾಗಿ ಪ್ಯೂನನ ಕೆಲಸವೇ ಹೋಗುವುದರಲ್ಲಿತ್ತು. ಹೆದರುತ್ತಾ ತಲೆ ಎತ್ತಿದಳು. ನೀಲಿ ಬಟ್ಟೆ, ಹಳದಿ ಅಡ್ಡಪಟ್ಟಿ, ಹಳದಿ ಉದ್ದಪಟ್ಟಿ. ಮೇಲಿಂದ ನೋಡಿದರೂ ಅದೇ, ಕೆಳಗಿಂದ ನೋಡಿದರೂ ಅದೇ. ಎಂಥ ಜಾಣರಪ್ಪಾ ಈ ಜನ, ತಲೆಕೆಳಗಾದರೂ ಗೊತ್ತಾಗದ ಬಾವುಟ ಮಾಡಿಕೊಂಡಿದ್ದಾರೆ ಅಂತ ಸಮಾಧಾನವಾಗಿ, ಆಕೆ ಒಬ್ಬಳೇ ಚಪ್ಪಾಳೆ ಹೊಡೆದಳು.

ನಾಯಿಯ ಮುದುಕ ಲೋಟ ನೆಲಕ್ಕಿಟ್ಟು ತಾನೂ ಹೊಡೆದ. ಆಮೇಲೆ ಎಲ್ಲರೂ. ಲಾಡಿನ ಡಬ್ಬಿ ತೆರೆದಾಗ ಸಾಲೇ ನಿಂತಿತು. ಸಾಲು ನಿಲ್ಲೋದು ಆ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗುನ್ವೋರ್ ಮಾತ್ರ ನಗಲಿಲ್ಲ. ತಲೆಯ ಹೂವನ್ನೂ ಒದರಿಕೊಳ್ಳದೆ ಸ್ಕಂದನನ್ನು ಪಕ್ಕಕ್ಕೆ ಕರೆದು ಬಹಳ ಹೊತ್ತು ಏನೋ ಹೇಳಿದಳು. ಅವನ ಮುಖ ಸಣ್ಣದಾಗುತ್ತಾ ಹೋಯಿತು.

"ಏನಂತೆ?" ಅಂತ ಮೂವರೂ ಮನೆಯೊಳಗೆ ಮುತ್ತಿಕೊಂಡರು.

"ಹೂವು ಸಂಘದ ಬೇಲಿಯದಾ ಅಂತ ಕೇಳಿದ್ರು. ಹೌದು ಅಂದೆ. ಅದನ್ನ ಕೀಳೋಕೆ ಪರ್ಮಿಷನ್ ಬೇಕಂತೆ. ಗುರುವಾರ ಮೀಟಿಂಗಲ್ಲಿ ಮಾತಾಡ್ತಾರಂತೆ."

ಆ ಮೂರು ದಿನ ಇಂದುಮತಿ ಬಾಗಿಲ ಹತ್ತಿರವೂ ಸುಳಿಯಲಿಲ್ಲ. ಹೊಸ್ತಿಲಿಗೆ ಕುಂಕುಮವನ್ನೂ ಹಚ್ಚಲಿಲ್ಲ. ತಾನೇ ಹಳೇ ಪೇಪರು ತಂದು, ಹೊರಗಿದ್ದ ನಾಲ್ಕು ಗಾಜಿನ ಲೋಟಗಳನ್ನು ಸುತ್ತಿ ಸುತ್ತಿ ಇಟ್ಟಳು.

ಗುರುವಾರ ಮೀಟಿಂಗ್ ಮುಗಿಸಿಕೊಂಡು ಗುನ್ವೋರ್ ತಾನೇ ಮೇಲೆ ಬಂದಳು. ಚಪ್ಪಲಿ ಬಿಚ್ಚಿ, ಸೋಫಾದ ತುದಿಯಲ್ಲಿ ಕೂತು, ಒಂದೊಂದೇ ವಿಷಯ ಹೇಳಿದಳು. ಲಾವಣ್ಯಾ ಕೇಳಿ ಕೇಳಿ ಕನ್ನಡಕ್ಕೆ ಹಾಕಿದಳು.

"ಬೇಲಿ ಹೂವು ಇನ್ನು ಯಾರೂ ಮುಟ್ಟಬಾರದಂತೆ, ಬೇಕಿದ್ರೆ ಅಂಗಡಿಯಿಂದ ತರಬೇಕಂತೆ." ಇಂದುಮತಿ ತಲೆಯಾಡಿಸಿದಳು. "ರಾಷ್ಟ್ರೀಯ ದಿನಕ್ಕೆ ಏನು ಮಾಡಬೇಕು ಅಂತ ಪಕ್ಕದ ಬಿಲ್ಡಿಂಗಿನವರಿಗೆ ಇನ್ನೂ ಗೊತ್ತಿಲ್ಲವಂತೆ. ಈ ಬಿಲ್ಡಿಂಗಿಗೆ ಗೊತ್ತಾಗಿದೆಯಂತೆ. ಮುಂದಿನ ವರ್ಷದ ಬಾವುಟಕ್ಕೆ ಒಂದು ಸಮಿತಿ ಮಾಡಿದ್ದಾರಂತೆ. ಅದರಲ್ಲಿ... ಅಮ್ಮ, ನಮ್ಮ ಮನೆ ಹೆಸರು ಹಾಕಿದ್ದಾರೆ." ಲಾವಣ್ಯಾ ಅಮ್ಮನ ಕೈ ಹಿಡಿದುಕೊಂಡಳು. "ಸಮಿತಿಯವರು ಬಿಲ್ಡಿಂಗಲ್ಲೇ ಇರಬೇಕು ಅಂತ ನಿಯಮವಂತೆ. ಅದಕ್ಕೆ ಇನ್ನೊಂದು ವರ್ಷ ಒಪ್ಪಿಕೊಂಡಿದ್ದಾರೆ."

ಸ್ಕಂದ ಎದ್ದು ನಿಂತ, ಮತ್ತೆ ಕೂತ. ಬದರಿನಾಥರು ಪೇಪರು ಮಡಿಸಿ, "ಮುಖ್ಯವಾದದ್ದು ನನ್ನ ಸಲಹೆ, ಕುಲುಕು ಅಂದದ್ದು" ಅಂದರು.

ಗುನ್ವೋರ್ ಇನ್ನೊಂದು ಮಾತು ಹೇಳಿದಳು. ಗಂಟು ಸರಿಯಿರಲಿಲ್ಲ. ಈ ಹೆಂಗಸು ಊರಿಗೆ ಹೋಗುವ ಮೊದಲು ಅಭ್ಯಾಸ ಮಾಡಬೇಕು.

ಹಾಗಾಗಿ ಆ ಶನಿವಾರ ಮಧ್ಯಾಹ್ನ ಇಬ್ಬರೂ ಕಂಬದ ಕೆಳಗೆ ಸೇರಿದರು. ಬಾವುಟದ ಬದಲು ಗುನ್ವೋರಿನ ಮಂಚದ ಬಿಳಿ ಹೊದಿಕೆ. ದಾರ ಈ ಸಲ ಉದ್ದ. ಮೊದಲನೇ ಸಲ ಅರ್ಧ ದಾರಿಯಲ್ಲೇ ಬಿಚ್ಚಿಕೊಂಡು ಇಬ್ಬರ ತಲೆಯ ಮೇಲೂ ಬಿತ್ತು. ಎರಡನೇ ಸಲ ಬಿಚ್ಚಲೇ ಇಲ್ಲ. ದಾರಿಹೋಕರು ನಿಂತು, ಯಾರ ಮನೆಯ ಒಗೆದ ಬಟ್ಟೆ ಅಷ್ಟು ಮೇಲೆ ಒಣಗುತ್ತಿದೆ ಅಂತ ನೋಡಿದರು. ಮೂರನೇ ಸಲ ಗುನ್ವೋರ್ ತಾನೇ ಗಂಟು ಹಾಕಿದಳು, ತಾನೇ ಏರಿಸಿದಳು, ತಾನೇ ದಾರ ಎಳೆದಳು. ಹೊದಿಕೆ ಪೂರ್ತಿ ಬಿಚ್ಚಿಕೊಂಡು ಗಾಳಿಗೆ ಉಬ್ಬಿತು.

ಆ ಇಸ್ತ್ರಿ ಹೆಂಗಸಿನ ಮುಖದಲ್ಲಿ ಒಂದು ಮಡಿಕೆ ಬಿತ್ತು. ನಗುವೇ ಇರಬೇಕು.

"ಎನ್ ಗೊಂಗ್ ತಿಲ್" ಅಂದಳು.

ಇನ್ನೊಂದು ಸಲ ಅಂತ. ಅದನ್ನು ಯಾರೂ ಇಂದುಮತಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಆಕೆ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊದಿಕೆಯ ಒಂದು ತುದಿ ಹಿಡಿದು, ಇನ್ನೊಂದು ತುದಿ ಹಿಡಿ ಅಂತ ಗುಣಾ ದೀದಿಗೆ ಹಿಂದಿಯಲ್ಲಿ ಹೇಳುತ್ತಿದ್ದಳು.